ಗೋದಕ್ಕ ಕಲಿಸಿದ ಮೂರು ಉತ್ತರ

ಪುಣೆಯ ಶುಕ್ರವಾರ ಪೇಟೆಯಲ್ಲಿ ಗೋದಕ್ಕನ ಮನೆಯೊಳಗೆ ‘ಆರಾಮ’ ಅನ್ನುವಂತಿರಲಿಲ್ಲ. ಬಾಯಿತಪ್ಪಿ ಅಂದವರಿಗೆ ಆಕೆ ಲಟ್ಟಣಿಗೆ ಎತ್ತಿ ತೋರಿಸುತ್ತಿದ್ದಳು.

“ಆರಾಮ ಇದ್ರ ಇಷ್ಟು ದೂರ ಯಾಕ ಬಂದಿ? ತಿರುಗಿ ಗಾಡಿ ಹತ್ತು.”

ಧಾರವಾಡದ ಕಡೆಯ ವಿಧವೆ. ನಾಲ್ಕು ಮನೆಗಳಲ್ಲಿ ಅಡಿಗೆ ಮಾಡಿ ಬದುಕುತ್ತಿದ್ದಳು. ನಮ್ಮ ಊರುಗಳಲ್ಲಿ ಕಣ್ಣಿನ ಡಾಕ್ಟರೆಂದರೆ ಕೇಳಿ ಗೊತ್ತೇ ಹೊರತು ಕಂಡವರಿಲ್ಲ. ಕಣ್ಣು ಕೆಟ್ಟವರು ರೈಲು ಹತ್ತಿ ಬಂದು ಆಕೆಯ ಪಡಸಾಲೆಯಲ್ಲಿ ಇಳಿಯುತ್ತಿದ್ದರು. ಪುಣೆಯ ದೊಡ್ಡ ಡಾಕ್ಟರು ಮೋಟಾರಿನಲ್ಲಿ ಬಂದವರನ್ನು ದಿನಾಲೂ ನೋಡುತ್ತಿದ್ದರು, ಬಡವರನ್ನು ಮಂಗಳವಾರ ಬೆಳಿಗ್ಗೆ ಮಾತ್ರ. ಆ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದುದು ಎರಡು ಮಾತಿನ ಹೊತ್ತು.

ನಮ್ಮ ಮಂದಿಯ ರೀತಿ ನಿಮಗೆ ಗೊತ್ತೇ ಇದೆ. ಜೀವ ಹೋಗುತ್ತಿದ್ದರೂ ದೊಡ್ಡವರು ಹೇಗಿದ್ದೀರಿ ಎಂದರೆ ಕೈಮುಗಿದು “ಆರಾಮ್ರಿ” ಅನ್ನುವುದೇ ಮರ್ಯಾದೆ. ನಾನು ಪುಣೆಯ ಅಚ್ಚುಕೂಟದಲ್ಲಿ ಕನ್ನಡ ಅಕ್ಷರದ ಮೊಳೆ ಜೋಡಿಸುವವನು, ಆಗ ಊರಿಗೆ ಹೊಸಬ. ಎಡಗಣ್ಣು ಕೆಂಪಾಗಿ ಅಕ್ಷರ ಕಲಸಿಕೊಳ್ಳತೊಡಗಿದಾಗ, ಅನ್ನಕ್ಕೇ ಕುತ್ತು ಬಂತೆಂದು ಆ ಸಾಲಿನಲ್ಲಿ ನಿಂತೆ. ಗೋದಕ್ಕನ ಪರಿಚಯ ಆಗಿನ್ನೂ ಇರಲಿಲ್ಲ. ಡಾಕ್ಟರು ಮರಾಠಿಯಲ್ಲಿ ಹೇಗಿದೆ ಎಂದರು. ನಾನು ಅದನ್ನೇ ಅಂದೆ, ಪೆದ್ದ. ಆ ಪದ ಮರಾಠಿಯಲ್ಲೂ ಉಂಟು; ನನ್ನ ಮಾತಿನಲ್ಲಿ ಅವರಿಗೆ ತಿಳಿದದ್ದು ಅದೊಂದೇ. ಮುಂದಿನವರನ್ನು ಕರೆದರು.

ಹೊರಗೆ ತನ್ನ ಮಂದಿಯೊಡನೆ ಕೂತು ಇದನ್ನು ಕೇಳಿಸಿಕೊಂಡಿದ್ದ ಗೋದಕ್ಕ ನನ್ನ ರಟ್ಟೆ ಹಿಡಿದಳು. “ನಮ್ಮಣ್ಣ ಇದೊಂದು ಮಾತಿಗೆ ಕಣ್ಣು ಕಳಕೊಂಡಾನ. ನೀನೂ ಕಳಕೋತಿಯೇನು?”

ಯಾವ ಕಣ್ಣು, ಎಂದಿನಿಂದ, ಮನೆಯಲ್ಲಿ ಏನು ಹಾಕಿದ್ದು. ಮೂರು ಉತ್ತರಗಳನ್ನು ಅಲ್ಲೇ ಮರಾಠಿಯಲ್ಲಿ ಬಾಯಿಪಾಠ ಮಾಡಿಸಿದಳು. ಕಣ್ಣಿಗೆ ಸೊಪ್ಪಿನ ರಸ ಹಿಂಡಿಕೊಂಡದ್ದನ್ನು ಹೇಳಲು ನಾಚಿದೆ.

“ಡಾಕ್ಟರ ಮುಂದ ಎಂಥಾ ನಾಚಿಗಿ? ಅದನ್ನ ಮೊದಲ ಹೇಳು.”

ಆಮೇಲೆ ಬಾಗಿಲ ಜವಾನನನ್ನು ದಬಾಯಿಸಿ ನನ್ನನ್ನು ಮತ್ತೆ ಒಳಗೆ ನೂಕಿದಳು. ಇಂದಿಗೂ ಮೊಳೆ ಜೋಡಿಸುತ್ತಿದ್ದೇನೆ, ಎರಡೂ ಕಣ್ಣಿಂದ.

ವರ್ಷಗಳಾದ ಮೇಲೆ ಆಕೆಯೇ ಹಾಸಿಗೆ ಹಿಡಿದಳು. ಮೈಗೆ ಜ್ವರ, ಕಣ್ಣಿಗೆ ಪೊರೆ. ನನಗೆ ಗೊತ್ತಿದ್ದ ಡಾಕ್ಟರು ಅವರೊಬ್ಬರೇ; ಹಟ ಹಿಡಿದು ಅವರನ್ನೇ ಟಾಂಗಾದಲ್ಲಿ ಮನೆಗೆ ಕರೆತಂದೆ. ಪಕ್ಕದಲ್ಲಿ ಕುಳಿತು ಹೇಗಿದೆ ಎಂದರು.

“ಆರಾಮ,” ಅಂದಳು ಗೋದಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. “ಏನಂತಿ ಅಕ್ಕಾ ನೀ?”

“ಸುಮ್ಮನಿರು. ಪಡಸಾಲ್ಯಾಗ ಶಿರೂರ ರಸ್ತಾದಾಗ ಖಡಿಕಲ್ಲು ಒಡಿಯೋ ಹೆಣ್ಣಮಗಳು ಕೂತಾಳ. ಕಣ್ಣಾಗ ಕಲ್ಲು ಸಿಡದದ. ಮಂಗಳವಾರಕ್ಕ ಇನ್ನೂ ಐದು ದಿನ ಅದ. ಮೊದಲ ಆಕೀನ ನೋಡ್ಲಿ.”

ಡಾಕ್ಟರಿಗೆ ತಿಳಿಸಿದೆ; ಎದ್ದು ಹೊರಗೆ ಹೋದರು. ಆ ಹೆಣ್ಣುಮಗಳು ತಡವರಿಸದೆ ಮರಾಠಿಯಲ್ಲಿ ಹೇಳಿದಳು: ಬಲಗಣ್ಣು, ನಿನ್ನೆಯಿಂದ, ಎದೆಹಾಲು ಹಾಕಿದ್ದೆ. ಒಳಗೆ ಗೋದಕ್ಕನ ತುಟಿಯೂ ಜೊತೆಗೇ ಆಡುತ್ತಿತ್ತು.

“ಪಾಸಾದ್ಲು,” ಅಂದಳು.

ಡಾಕ್ಟರು ಅದೇ ಟಾಂಗಾದಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದರು. ಗೋದಕ್ಕನ ಸರದಿ ಮಂಗಳವಾರಕ್ಕೆ ಉಳಿಯಿತು. ಮಂಗಳವಾರ ಬಂದಾಗ ಆಕೆ ಇರಲಿಲ್ಲ.

ಆ ಬೆಳಿಗ್ಗೆ ಪಡಸಾಲೆಯಲ್ಲಿ ಊರಿನಿಂದ ಬಂದ ನಾಲ್ವರು ಕೂತಿದ್ದರು. ಹೇಗಿದ್ದೀರಿ ಎಂದು ಕೇಳಿದೆ.

“ಆರಾಮ್ರಿ,” ಅಂದರು.

ನಾನು ಅಡಿಗೆಮನೆಗೆ ಹೋಗಿ ಲಟ್ಟಣಿಗೆ ತಂದೆ.