ಅರ್ಧ ತತ್ತಿಯ ಮುನಿಸು

ನಮ್ಮ ಮನೆಯಲ್ಲಿ ಮಟನ್ ಮಾಡುವ ಹೊಣೆಯನ್ನು ನನಗೆ ಯಾರೂ ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದರು, ಆಮೇಲೆ ಕೊಡಲಿಲ್ಲ. ಹೀಗಾಗಿ ಅಪ್ಪ ಸಕ್ಕರೆ ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ, ಕೊಣ್ಣೂರಿನ ನನ್ನ ತವರುಮನೆಯಲ್ಲಿ ಬಳಗವನ್ನೆಲ್ಲ ಊಟಕ್ಕೆ ಕರೆದಾಗ, ನಾನು ಮೂಡಲಗಿಯಿಂದ ಹೊರಡುವ ಮೊದಲೇ ಫೋನ್ ಮಾಡಿ ತತ್ತಿಯ ಕೆಲಸ ನನ್ನದು ಎಂದು ಹೇಳಿಬಿಟ್ಟೆ. ತತ್ತಿ ಎಂದರೆ ಮೊಟ್ಟೆ. ನಮ್ಮ ಕಡೆ ಮೊಟ್ಟೆ ಎಂದರೆ ಪುಸ್ತಕ ಓದಿದವರು ಎಂದುಕೊಳ್ಳುತ್ತಾರೆ.

ಮಾಡುವ ರೀತಿಯನ್ನು ಮೊಬೈಲಿನಲ್ಲಿ ನೋಡಿದ್ದೆ. ಬೇಯಿಸಿದ ತತ್ತಿಯನ್ನು ಉದ್ದಕ್ಕೆ ಸೀಳಿ, ಹಳದಿ ತೆಗೆದು, ಅದನ್ನು ಸೊಪ್ಪು ಬೆರೆಸಿದ ಮೆತ್ತನೆಯ ಚೀಸಿನ ಜೊತೆ ಕಲಸಿ, ಮತ್ತೆ ಬಿಳಿಯ ಕುಳಿಗಳಿಗೆ ತುಂಬುವುದು. ಮಾಡಿ ತೋರಿಸಿದ ಹೆಣ್ಣುಮಗಳು ಒಂದು ಸಲವೂ ಸೆರಗಿಗೆ ಕೈ ಒರೆಸಲಿಲ್ಲ. ಆಕೆಗೆ ಸೆರಗೇ ಇರಲಿಲ್ಲ. ತಿನಿಸಿನ ಹೆಸರು ಡೆವಿಲ್ಡ್ ಎಗ್ಸ್. ಅದರಲ್ಲಿ ದೆವ್ವ ಇದೆ ಎಂಬುದನ್ನು ನಾನು ಅವ್ವನಿಗೆ ಹೇಳಲಿಲ್ಲ.

ಊಟದ ಹಿಂದಿನ ದಿನ, ತವರಿಗೆ ಬರುವ ದಾರಿಯಲ್ಲಿ, ಗೋಕಾಕದ ಬೇಕರಿಯಲ್ಲಿ ಮೆತ್ತನೆಯ ಚೀಸ್ ಕೇಳಿದೆ. ಅಂಗಡಿಯವನು ಗಟ್ಟಿ ಚೀಸ್ ಕೊಟ್ಟು, ಬಿಸಿಲಿಗೆ ಇಟ್ಟರೆ ತಾನೇ ಮೆತ್ತಗಾಗುತ್ತದೆ ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಎಮ್ಮೆಯ ಮೊಸರು ತಂದು, ತೆಳುವಾದ ಪಂಚೆಯಲ್ಲಿ ಕಟ್ಟಿ, ರಾತ್ರಿಯಿಡೀ ಗೂಟಕ್ಕೆ ತೂಗುಹಾಕಿದೆ. ನೀರೆಲ್ಲ ಸೋರಿ ಬೆಳಿಗ್ಗೆಗೆ ಬೆಣ್ಣೆಯಂಥ ಚಕ್ಕಾ ಆಗಿತ್ತು. ಅದನ್ನು ನೋಡಿದ್ದೇ ಅವ್ವ ಸಕ್ಕರೆ ಡಬ್ಬಿ, ಏಲಕ್ಕಿ ಹಿಡಿದು ಬಂದಳು. ನಮ್ಮಲ್ಲಿ ಚಕ್ಕಾ ಹುಟ್ಟುವುದೇ ಶ್ರೀಖಂಡವಾಗಲಿಕ್ಕೆ. ಇದಕ್ಕೆ ಬೆಳ್ಳುಳ್ಳಿ, ಸಬ್ಬಸಿಗೆ, ಕೊತ್ತಂಬರಿ ಹಾಕುತ್ತೇನೆ ಎಂದೆ. ಗಂಡನ ಮನೆಯಲ್ಲಿ ಎಲ್ಲಾ ಸರಿ ಇದೆಯಲ್ಲ ಎಂದು ಅವ್ವ ಮೆಲ್ಲಗೆ ಕೇಳಿದಳು.

ಅಪ್ಪ ಬೆಳಿಗ್ಗೆಯಿಂದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಗೆ ಮುಖ ಮಾಡಿ ಕೂತಿದ್ದ. ಕೇಳಿದರೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದೇನೆ ಎಂದ. ಆಗ ಏಪ್ರಿಲ್ ತಿಂಗಳು. ಅವನು ಕಾಯುತ್ತಿದ್ದುದು ತನ್ನ ಅಕ್ಕನಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಹುಕ್ಕೇರಿ ತಾಲ್ಲೂಕಿನ ಕಣಗಲಾಕ್ಕೆ ಕೊಟ್ಟಿರುವ ನನ್ನ ಸೋದರತ್ತೆ, ಅಪ್ಪನಿಗೆ ಇದ್ದ ಒಬ್ಬಳೇ ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಆಕೆ. ನನ್ನ ಮದುವೆಯ ಮಾರನೆಯ ದಿನದಿಂದ ಆಕೆ ಈ ಹೊಸ್ತಿಲು ತುಳಿದಿರಲಿಲ್ಲ.

ಕಾರಣ ಒಂದು ಅರ್ಧ ತತ್ತಿ. ಅವತ್ತು ಉಳಿದ ಬಳಗಕ್ಕೆ ಅವ್ವ ತತ್ತಿ ಸಾರು ಮಾಡಿದ್ದಳು. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರಿಗೆ ಇಡೀ ತತ್ತಿ ಬಡಿಸಬೇಕು. ಸಾರು ನೀರಾದರೆ ಜನ ಮರೆಯುತ್ತಾರೆ, ಅರ್ಧ ತತ್ತಿಯನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ಬಡಿಸುತ್ತಿದ್ದವನು ಅಪ್ಪ, ಪಂಕ್ತಿಯ ಕೊನೆಗೆ ಅವನದೂ ಒಂದು ತಾಟು ಇತ್ತು. ಎಲ್ಲರಿಗೂ ಇಡೀ ತತ್ತಿ ಬಿತ್ತು, ಅತ್ತೆಯ ತಾಟಿಗೆ ಅರ್ಧ. ಆಕೆ ತಾಟಿನಲ್ಲೇ ಕೈ ತೊಳೆದು, ಚೀಲ ಹಿಡಿದು ಬಸ್ಸಿಗೆ ಹೋದಳು. ಆಮೇಲೆ ಅಕ್ಕ ತಮ್ಮ ಎಣ್ಣೆ ಸೀಗೆಕಾಯಿ. ಯಾರದಾದರೂ ಮದುವೆಯಲ್ಲಿ ಎದುರಾದರೆ ನಡುವೆ ನಿಂತವರ ಮೂಲಕ ಮಾತಾಡುತ್ತಿದ್ದರು.

ಈ ಸಲ ಅಪ್ಪ ತಾನೇ ಹೋಗಿ ಕರೆದಿರಲಿಲ್ಲ, ಆಕೆಯ ಮಗನ ಕಡೆಯಿಂದ ಹೇಳಿಸಿದ್ದ. ಮಗನ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಆಕೆ ಬರುತ್ತಾಳೆಂದು ನಾನು ನಂಬಿರಲಿಲ್ಲ. ನಂಬಿದ್ದರೆ ಬೇರೆ ಏನಾದರೂ ಮಾಡುತ್ತಿದ್ದೆ. ಉಪ್ಪಿಟ್ಟು ಮಾಡಬಹುದಿತ್ತು. ಉಪ್ಪಿಟ್ಟಿನಲ್ಲಿ ಅರ್ಧ ಎಂಬುದಿಲ್ಲ.

ಅಗಲವಾದ ಪರಾತದಲ್ಲಿ ಅರ್ಧ ತತ್ತಿಗಳನ್ನೆಲ್ಲ ಸಾಲಾಗಿ ಜೋಡಿಸಿ ಮೇಲೆ ಖಾರದಪುಡಿ ಉದುರಿಸುತ್ತಿದ್ದೆ. ಹೊರಗೆ ಮೋಟರ್ ಸೈಕಲ್ ನಿಂತಿತು. ಮಗನ ಹಿಂದಿನಿಂದ ಅತ್ತೆ ಇಳಿಯುತ್ತಿದ್ದಳು. ಅಪ್ಪ ಎದ್ದು ನಿಂತವನು, ಏನು ಮಾಡಬೇಕೆಂದು ತಿಳಿಯದೆ ತಾನು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದ. ಅವ್ವ ಪರಾತ ನೋಡಿದಳು, ನನ್ನನ್ನು ನೋಡಿದಳು. ಜನ್ಮದಲ್ಲಿ ಒಂದು ಸಲ ಅಡುಗೆ ಮಾಡಿದಿ, ಅದೂ ಇದನ್ನೇ ಮಾಡಿದಿ ಎಂದಳು.

ಆಮೇಲೆ ಅವ್ವ ಎರಡೆರಡು ಅರ್ಧಗಳನ್ನು ಒಂದಕ್ಕೊಂದು ಒತ್ತಿ ಇಡೀ ತತ್ತಿ ಮಾಡಲು ಕೂತಳು. ಒತ್ತಿದಷ್ಟೂ ನಡುವಿನಿಂದ ಹೂರಣ ಹೊರಬಂತು. ಹೊರಬಂದದ್ದನ್ನು ಬೆರಳಿನಿಂದ ಒರೆಸಿ ಮತ್ತೆ ಒತ್ತಿದಳು. ಕೈಬಿಟ್ಟ ಕೂಡಲೇ ಅವು ಬಾಯಿ ತೆರೆದು ಮಲಗಿದವು. ಹಾಗೆ ಒಂದಿಷ್ಟು ಹಾಳಾದ ಮೇಲೆ, ಆದದ್ದಾಗಲಿ ಎಂದು ಪರಾತವನ್ನು ನನ್ನ ಕೈಗೆ ಕೊಟ್ಟು ತಾನು ಬಾಗಿಲ ಹಿಂದೆ ನಿಂತಳು.

ಪಡಸಾಲೆಯಲ್ಲಿ ಅತ್ತೆ ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಅಪ್ಪ. ಸುತ್ತಲೂ ಬಳಗ. ಈಗ ಈಕೆ ಎದ್ದು ಹೋದರೆ ಮುಂದೆ ಅಪ್ಪ ಯಾರ ಮೂಲಕವೂ ಕರೆಯಲಾರ, ಆಕೆಗೂ ವಯಸ್ಸಾಯಿತು, ಅಲ್ಲಿಗೆ ಮುಗಿಯಿತು ಎಂದು ನನಗೆ ಭಯವಾಯಿತು. ಪರಾತವನ್ನು ಆಕೆಯ ಮುಂದೆ ಇಟ್ಟೆ. ಮಾತಾಡುತ್ತಿದ್ದವರೆಲ್ಲ ಪರಾತದ ಕಡೆ ಕತ್ತು ಚಾಚಿದರು. ಅಂಕಲಗಿಯ ಕಾಕಾ ಒಬ್ಬ ಮಾತ್ರ ಮಳೆಯ ಬಗ್ಗೆ ಶುರು ಮಾಡಿ, ಯಾರೂ ಜೊತೆಗೂಡದೆ ನಿಲ್ಲಿಸಿದ.

ಅತ್ತೆ ಬಹಳ ಹೊತ್ತು ನೋಡಿದಳು. ಇಡೀ ತತ್ತಿ ಯಾರಿಗಾದರೂ ಎತ್ತಿಟ್ಟಿದ್ದೀಯಾ ಎಂದು ಕೇಳಿದಳು. ಇಲ್ಲ, ಎಲ್ಲರಿಗೂ ಅರ್ಧವೇ ಎಂದೆ. ಹಳದಿ ಎಲ್ಲಿ ಹೋಯಿತು ಎಂದಳು. ಎಲ್ಲವನ್ನೂ ಕೂಡಿಸಿ ಕಲಸಿ ಒಂದೇ ಅಳತೆಯಲ್ಲಿ ತುಂಬಿದ್ದೇನೆ ಎಂದೆ. ಆಕೆ ತಲೆಯಾಡಿಸಿದಳು.

"ಅವತ್ತ ನನ್ನ ಅರ್ಧದಾಗ ಹಳದಿನ ಇರಲಿಲ್ಲ" ಎಂದಳು.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾವು ಅರ್ಧದ ಬಗ್ಗೆಯೇ ಮಾತಾಡಿಕೊಂಡಿದ್ದೆವು. ಅಪ್ಪ ನೆಲ ನೋಡುತ್ತ, ನಡುವೆ ಯಾರನ್ನೂ ನಿಲ್ಲಿಸಿಕೊಳ್ಳದೆ ಮಾತಾಡಿದ.

"ತತ್ತಿ ತೀರಿದ್ದುವು ಅಕ್ಕಾ. ನನ್ನ ಪಾಲಿಂದ ಒಂದ ಉಳಿದಿತ್ತು. ನೀ ಬ್ಯಾರೆದಾಕಿ ಅಲ್ಲಂತ ಅದನ್ನ ಇಬ್ಬರಿಗೂ ಮುರದ್ನಿ. ಹಳದಿ ಯಾ ಕಡೆ ಹೋತು, ನಾ ನೋಡಲಿಲ್ಲ."

"ನಾ ನೋಡಿದ್ನಿ. ನಿನ್ನ ತಾಟಿಗೆ ಹೋತು" ಎಂದಳು ಅತ್ತೆ. ಮತ್ತೆ ಹೇಳಿದಳು: "ನೀ ಸಣ್ಣಾಂವ ಇದ್ದಾಗ ಹಳದಿ ನಿನಗ ಕೊಟ್ಟ ಬಿಳೇದ ನಾ ತಿಂತಿದ್ನಿ. ಆವಾಗ ನಾನ ಕೊಡತಿದ್ನಿ. ಅವತ್ತ ನೀನ ತಗೊಂಡಿ."

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು.

"ನೀವ ಎದ್ದ ಹೋದಮ್ಯಾಗ ಇವರೂ ತಾಟ ಬಿಟ್ಟ ಎದ್ರು, ಅಕ್ಕಾರ. ಅವತ್ತಿಂದ ತತ್ತಿ ಬಾಯಾಗ ಇಟ್ಟಿಲ್ಲ."

ಡಾಕ್ಟರು ತತ್ತಿ ಬೇಡ ಅಂದಿದ್ದಾರೆ ಎಂದು ಅಪ್ಪ ನಮಗೆಲ್ಲ ಹೇಳುತ್ತಿದ್ದ. ಯಾವ ಡಾಕ್ಟರು ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಅಂಕಲಗಿಯ ಕಾಕಾ ಟೋಪಿ ತೆಗೆದು ಅದರ ಒಳಗೆ ಏನೋ ಹುಡುಕತೊಡಗಿದ.

ಅತ್ತೆ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಅರ್ಧ ಎತ್ತಿ ಬೆಳಕಿಗೆ ಹಿಡಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು, ಅದನ್ನೂ ಇಟ್ಟಳು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಆರಿಸಿದಳು. ಕಡೆಗೆ ಒಂದನ್ನು ಹಿಡಿದು, ಮೊಣಕಾಲು ಊರಿ, ತಮ್ಮನ ಕಡೆಗೆ ಸರಿದಳು. ಎಲ್ಲಾ ಒಂದೇ ಅಳತೆಯವು ಎಂದು ಅಪ್ಪ ಸಣ್ಣದಾಗಿ ಹೇಳಿದ. ಆಕೆ ಅದನ್ನು ಅವನ ಕೈಗೆ ಕೊಡಲಿಲ್ಲ, ಬಾಯಿಯ ಮುಂದೆ ಹಿಡಿದಳು.

"ಇರಲಿ. ನಾ ನೋಡಿ ಕೊಡಾಕತ್ತೇನಿ" ಎಂದಳು.

ಅಷ್ಟು ಜನರ ಮುಂದೆ ನಮ್ಮಪ್ಪ ಬಾಯಿ ತೆರೆದ.