ಹೆಂಗಿತ್ತು ಅಂತ ಕೇಳುತ್ತಿದ್ದ ಅಕ್ಕ

ಬೇಸಿಗೆ ರಜೆ ಮುಗಿದು ನಾನು ಕೆಲಸ ಮಾಡುವ ಕಾಲೇಜು ತೆರೆದ ದಿನ ನಮ್ಮ ಆಫೀಸಿನ ಹಳೆಯ ಕಂಪ್ಯೂಟರ್ ಹಾಕಿದೆ. ರಜೆಯಿಡೀ ಮುಚ್ಚಿಟ್ಟಿದ್ದರಿಂದ ಅದರ ಹೊಟ್ಟೆಯೊಳಗೆ ಪಾವಗಡದ ಕೆಂಪು ಧೂಳು ತುಂಬಿಕೊಂಡಿತ್ತು. ಫ್ಯಾನು ತಿರುಗಿ ಒಳಗೆ ಬಿಸಿಯಾಗುತ್ತಿದ್ದಂತೆ ಧೂಳು ಸುಟ್ಟ ವಾಸನೆ ಬಂತು. ಅದರ ಜೊತೆಗೆ ಯಾರೋ ಪೂಜೆಗೆ ಹಚ್ಚಿಟ್ಟ ಊದುಬತ್ತಿಯ ಹೊಗೆ. ಅಷ್ಟೇ ಸಾಕಾಯಿತು. ಮಧುಗಿರಿಯ ಬಸ್ ಸ್ಟ್ಯಾಂಡಿನ ಎದುರಿನ ಆ ಸಣ್ಣ ಅಂಗಡಿಯ ಬಾಗಿಲಲ್ಲಿ ಮತ್ತೆ ಹೋಗಿ ನಿಂತಂತಾಯಿತು. ಮೊದಲು ಕಣ್ಣಿಗೆ ಬಂದದ್ದು ಅಕ್ಕನ ಮುಖ. ಅದರ ಹಿಂದೆಯೇ ಸಿಟ್ಟು. ಇಷ್ಟು ವರ್ಷವಾದರೂ ಎರಡೂ ಜೊತೆಯಲ್ಲೇ ಬರುತ್ತವೆ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಆ ಬೀದಿಯವರೆಲ್ಲ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು, ನಾನೂ ಕರೆದೆ. ಜೆರಾಕ್ಸ್ ಮಾಡುವುದು, ಫೋನಿಗೆ ಕರೆನ್ಸಿ ಹಾಕುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ಅವಳ ಕೆಲಸ. ಆಗ ಈಗಿನ ಹಾಗೆ ಬೇಕೆಂದ ಹಾಡು ಫೋನಿನಲ್ಲೇ ಸಿಗುತ್ತಿರಲಿಲ್ಲ. ಉಗುರಿನಷ್ಟಗಲದ ಕಾರ್ಡನ್ನು ಅಂಗಡಿಯಲ್ಲಿ ಕೊಟ್ಟರೆ ಕಂಪ್ಯೂಟರಿನಿಂದ ಸಿನಿಮಾ ಹಾಡು, ಭಕ್ತಿಗೀತೆ, ಜಾನಪದ ಏನು ಬೇಕೋ ತುಂಬಿಕೊಡುತ್ತಿದ್ದರು. ಅಂಗಡಿ ಇದ್ದ ಕಟ್ಟಡ ಅವಳ ಅಣ್ಣನದು. ಅವರಪ್ಪ ತೀರಿಕೊಂಡ ಮೇಲೆ ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಅವಳು ಅಲ್ಲಿ ಕೂತುಬಿಟ್ಟಿದ್ದಳು. ನಾನು ಆಗ ಊರಿನಿಂದ ಬಸ್ಸಿನಲ್ಲಿ ಬಂದು ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ಮಂದೆ ಹಿಂದೆ, ನಾನು ಬಸ್ಸಿನ ಹಿಂದೆ.

ಒಂದು ದಿನ ಸಿನಿಮಾ ಹಾಡು ತುಂಬಿಸಿಕೊಂಡು ಬಸ್ ಹತ್ತಿದೆ. ನಾನು ಕೇಳಿದ ಹಾಡುಗಳೆಲ್ಲ ಮುಗಿದ ಮೇಲೆ ಕೇಳದೇ ಇದ್ದದ್ದೊಂದು ಶುರುವಾಯಿತು. ಹಾಡುವವರಿಲ್ಲ. ಗಿಟಾರಿನ ಒಂದೇ ತಂತಿಯನ್ನು ಯಾರೋ ಕೊರೆಯುತ್ತಲೇ ಇದ್ದಾರೆ. ಹಿಂದೆ ಡ್ರಮ್ಮು, ಬದಲಾಗದೆ, ದಣಿಯದೆ. ನಿಲ್ಲುತ್ತದೆ ಅಂದುಕೊಂಡರೆ ನಿಲ್ಲುವುದಿಲ್ಲ, ಬದಲಾಗುತ್ತದೆ ಅಂದುಕೊಂಡರೆ ಬದಲಾಗುವುದಿಲ್ಲ. ಆಮೇಲೆ ಯಾವಾಗಲೋ ಅದರೊಳಗಿನಿಂದಲೇ ತೆಳ್ಳಗೆ ಒಂದು ರಾಗ ಎದ್ದು ಬಂತು. ಇಳಿಯಬೇಕಾದ ಸ್ಟಾಪು ದಾಟಿ ಹೋಗಿದ್ದೆ. ಮರುದಿನ ಜಗಳಕ್ಕೇ ಹೋದೆ.

"ಅಕ್ಕ, ಕಾರ್ಡಲ್ಲಿ ಏನೋ ಕೆಟ್ಟೋಗೈತೆ."

"ಕೆಟ್ಟಿಲ್ಲ ಕಣಮ್ಮ. ನಾನೇ ಹಾಕಿದ್ದು. ಹೆಂಗಿತ್ತು?"

"ಹೆಂಗಿರ್ತದೆ? ಬೋರ್‌ವೆಲ್ ಕೊರ್ದಂಗಿತ್ತು."

ಅಕ್ಕ ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು. "ನೀರು ಬಂತಾ?"

ಯಾರೂ ನನ್ನನ್ನು ಅಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ. ಜಗಳ ಮರೆತು ಯೋಚಿಸಿದೆ. "ಕೊನೇಲಿ ಒಸಿ ಬಂತು" ಅಂದೆ. ಅಕ್ಕ ಎದ್ದು ಬಂದು ನನಗೊಂದು ಸ್ಟೂಲು ಹಾಕಿದಳು.

ಅವಳಿಗೂ ಆ ಸಂಗೀತ ಸಿಕ್ಕಿದ್ದು ಆಕಸ್ಮಿಕವಾಗಿ. ಬೆಂಗಳೂರಿನ ಗುಜರಿಯಿಂದ ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತರಿಸಿದ್ದಳು, ಸಿನಿಮಾ ಹಾಡು ತುಂಬಿಡಲಿಕ್ಕೆ. ತೆರೆದು ನೋಡಿದರೆ ಅದರೊಳಗೆ ಯಾರೋ ವರ್ಷಗಟ್ಟಲೆ ಕೂಡಿಸಿದ್ದ ಆಲ್ಬಮ್ಮುಗಳು. ಹೆಸರುಗಳೆಲ್ಲ ಅಳಿಸಿಹೋಗಿ ಬರೀ ನಂಬರು ಉಳಿದಿತ್ತು. ಯಾವ ದೇಶದವರು ನುಡಿಸಿದ್ದು, ಯಾವ ಕಾಲದ್ದು, ಏನೂ ಗೊತ್ತಿಲ್ಲ. ಕೆಲವು ಗಿಟಾರು ಡ್ರಮ್ಮಿನವು, ಆದರೆ ನಮಗೆ ಗೊತ್ತಿದ್ದ ರಾಕ್ ಅಲ್ಲ. ಕೆಲವು ಬರೀ ಯಂತ್ರದಿಂದ ಹುಟ್ಟಿದವು; ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತರೆ ಕೇಳುವ ಗುಂಯ್‌ಗುಟ್ಟುವಿಕೆ, ಅದರ ಮೇಲೆ ಹಿಟ್ಟಿನ ಗಿರಣಿಯ ಬೆಲ್ಟ್ ಹೊಡೆದುಕೊಳ್ಳುವಂಥ ತಾಳ. ಅಳಿಸಿಹಾಕಲು ಹೊರಟವಳು ಒಂದನ್ನು ಕೇಳಿದಳು. ಆಮೇಲೆ ಇನ್ನೊಂದು. ಅಳಿಸಲಿಲ್ಲ.

ಬಿಸಿಲಿಗೆ ಬೀದಿ ಖಾಲಿಯಾಗುವ ಮಧ್ಯಾಹ್ನಗಳಲ್ಲಿ ನಾವು ಕೇಳುತ್ತಿದ್ದೆವು. ಒಂದು ಆಲ್ಬಮ್ ಶುರುವಾದರೆ ಮಧ್ಯೆ ನಿಲ್ಲಿಸುವಂತಿಲ್ಲ, ಮುಗಿಯುವ ತನಕ ಮಾತಾಡುವಂತಿಲ್ಲ. ಮುಗಿದ ಮೇಲೆ ಮಾತ್ರ ಅವಳ ಪ್ರಶ್ನೆ. ಹೆಂಗಿತ್ತು? ಚೆನ್ನಾಗಿತ್ತು ಅಂದರೆ ಅವಳಿಗೆ ಸಾಲದು. "ಚೆನ್ನಾಗಿತ್ತು ಅನ್ನೋದು ನೆಂಟರ ಮನೆ ಊಟಕ್ಕೆ ಹೇಳೋ ಮಾತು. ನಿಂಗೇನಾಯ್ತು ಹೇಳು" ಅನ್ನುತ್ತಿದ್ದಳು. ನಾನು ಹೇಳಲು ಕಲಿತೆ. ಇದು ಬಂಡೆ ಕಾದಿರುವಾಗ ಮೇಲೆ ಅಲೆಯಾಡುವ ಬಿಸಿಗಾಳಿ. ಇದು ಜ್ವರ ಬಂದಾಗ ಪಕ್ಕದ ಮನೆಯ ಮಾತು ಕೇಳಿಸುವ ರೀತಿ. ಹಾಗೆ ಹೇಳಿದ್ದೇ ಆ ಆಲ್ಬಮ್ಮಿಗೆ ಹೆಸರಾಗಿಬಿಡುತ್ತಿತ್ತು.

ನಮ್ಮ ಜೊತೆ ಇನ್ನೊಬ್ಬರು ಸೇರಿಕೊಂಡರು, ಕೊರಟಗೆರೆ ಕಡೆಯ ಬಸ್ಸಿನ ಕಂಡಕ್ಟರು. ಕರೆನ್ಸಿ ಹಾಕಿಸಲು ಬಂದವರು ಅಲ್ಲೇ ಗೋಡೆಗೆ ಒರಗಿ ನಿಂತರು. ಅವರಿಗೆ ಬಹಳಷ್ಟು ಇಷ್ಟವಾಗುತ್ತಿರಲಿಲ್ಲ. "ಇದು ಗೇರ್ ಬೀಳ್ದೇ ಇರೋ ಗಾಡಿ ಕಣಮ್ಮ" ಅಂತ ಬೈಯುತ್ತಿದ್ದರು, ಆದರೂ ಮರುವಾರ ಬರುತ್ತಿದ್ದರು. ಒಂದನ್ನು ನಾನು ಮನೆಗೆ ಒಯ್ದು ಅಪ್ಪನಿಗೂ ಕೇಳಿಸಿದೆ. ಅಪ್ಪ ಫೋನನ್ನು ಕಿವಿಗಿಟ್ಟುಕೊಂಡು ಕಣ್ಣು ಕಿರಿದು ಮಾಡಿ ಕೇಳಿದ. "ಮಳೆ ಬರಾಕ್ ಮುಂಚೆ ಕುರಿ ಎಲ್ಲಾ ಒಂದೇ ಕಡಿಗೆ ಮಕ ಮಾಡ್ಕೊಂಡು ನಿಂತ್ಕಂತವೆ ನೋಡು, ಅಂಗೈತೆ" ಅಂದ. ಅದನ್ನು ಅಕ್ಕನಿಗೂ ಹೇಳಿದೆ. ಅವಳು ಅದನ್ನೇ ಮೊದಲಿನಿಂದ ಹಾಕಿದಳು.

ಇಷ್ಟೇ ನಾವು ಮಾಡಿದ್ದು. ಇದರಲ್ಲಿ ಯಾರಿಗೆ ಏನು ನಷ್ಟವಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಕಾಲದಲ್ಲಿ ಇಂಥ ಅಂಗಡಿಗಳಿಗೆ ಹೊಲಸು ವಿಡಿಯೊ ಕೇಳಿಕೊಂಡು ಬರುವವರೂ ಇದ್ದರು. ಊರಿನಲ್ಲಿ ಸ್ವಲ್ಪ ಹೆಸರಿದ್ದ ಮನೆಯವನೊಬ್ಬ, ಮದುವೆಯಾದವನು, ಸ್ನೇಹಿತರ ಜೊತೆ ಬಂದು ಕೌಂಟರಿನ ಮೇಲೆ ಕಾರ್ಡ್ ಇಟ್ಟು ಕಣ್ಣು ಮಿಟುಕಿಸಿದ. ನಾನು ಒಳಗೆ ಸ್ಟೂಲಿನ ಮೇಲಿದ್ದೆ. ಅಕ್ಕ ಕಾರ್ಡನ್ನು ಬೆರಳ ತುದಿಯಿಂದ ಅವನ ಕಡೆಗೇ ತಳ್ಳಿದಳು.

"ಅಂಥವು ಇಲ್ಲಿಲ್ಲ. ಎತ್ಕೊಂಡು ನಡಿ."

"ಅರ್ಥ ಆಗ್ದೇ ಇರೋವೆಲ್ಲ ಕೊಡ್ತೀಯಂತೆ, ಅರ್ಥ ಆಗೋದು ಕೊಡಲ್ವಾ?" ಅಂದ ಅವನು. ಸ್ನೇಹಿತರು ನಕ್ಕರು. ಅಕ್ಕ ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ, ಅವನು ಏನು ಕೇಳಲು ಬಂದಿದ್ದ ಅನ್ನುವುದನ್ನು ಹೇಳಿಬಿಟ್ಟಳು. ಅವನ ಮುಖ ಕಪ್ಪಿಟ್ಟಿತು.

ವಾರ ಕಳೆಯುವುದರೊಳಗೆ ಸುದ್ದಿ ಉಲ್ಟಾ ಆಗಿತ್ತು. ಅಕ್ಕನ ಅಂಗಡಿಯಲ್ಲಿ ಹುಡುಗಿಯರನ್ನು ಕೂರಿಸಿಕೊಂಡು ಹೊಲಸು ತೋರಿಸುತ್ತಾರೆ, ಹೊರಗೆ ಕೇಳಿಸಬಾರದು ಅಂತ ವಿಚಿತ್ರ ಶಬ್ದ ಹಾಕುತ್ತಾರೆ. ಯಾರು ಹಬ್ಬಿಸಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಬೇಕರಿಯವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಕಣ್ಣೆದುರೇ ನಡೆದದ್ದು. ಬಾಯಿ ಬಿಡಲಿಲ್ಲ.

ದೂರು ಹೋಗಿ ಪೊಲೀಸಿನವರು ಬಂದರು. ಹಾಡುಹಗಲು, ಬೀದಿಯಿಡೀ ನೆರೆದಿತ್ತು. ಬಂದವರಲ್ಲಿ ಹಿರಿಯರೊಬ್ಬರು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ತೆರೆದು ನೋಡತೊಡಗಿದರು. ಸಿನಿಮಾ ಹಾಡು, ಭಕ್ತಿಗೀತೆ... ಕೊನೆಗೆ ಆ ಡಿಸ್ಕು. ನಂಬರು ನೋಡಿ ಅನುಮಾನ ಬಂತೇನೋ, ಹೆಡ್‌ಫೋನ್ ಹಾಕಿಕೊಂಡರು. ಮುಖ ಗಂಟಿಕ್ಕಿದರು. ಇನ್ನೊಂದು ತೆರೆದರು. ಮತ್ತೆ ಗಂಟು. ಅಕ್ಕ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಅವರು ಹೆಡ್‌ಫೋನ್ ತೆಗೆದಿಟ್ಟ ಕೂಡಲೆ ಅಭ್ಯಾಸಬಲದಿಂದ ಅವಳ ಬಾಯಿಂದ ಬಂದೇಬಿಟ್ಟಿತು.

"ಹೆಂಗಿತ್ತು ಸಾ?"

ಅವರು ಅವಳನ್ನು ಒಂದು ಗಳಿಗೆ ನೋಡಿದರು. "ನಮ್ಮ ಜೀಪು ಸ್ಟಾರ್ಟ್ ಆಗ್ದಿದ್ದಾಗ ಇಂಗೇ ಅಳ್ತದೆ ಕಣಮ್ಮ" ಅಂದರು. ಅಕ್ಕ ಆ ಸ್ಥಿತಿಯಲ್ಲೂ ನಕ್ಕುಬಿಟ್ಟಳು. ಅವರು ಹೊರಗೆ ಬಂದು, "ಇಲ್ಲೇನೂ ಇಲ್ಲ, ನಿಮ್ನಿಮ್ ಕೆಲ್ಸ ನೋಡ್ಕೊಳ್ರಿ" ಅಂತ ಜನರನ್ನು ಚದುರಿಸಿ ಹೊರಟುಹೋದರು. ಮುಗಿಯಿತು ಅಂದುಕೊಂಡೆವು.

ರಸ್ತೆಯ ಆಚೆ ಬದಿಯಲ್ಲಿ ಅವಳ ಅಣ್ಣ ನಿಂತಿದ್ದ. ಅವಳ ಪರವಾಗಿ ಒಂದು ಮಾತಾಡಲು ಈಚೆಗೆ ದಾಟಿ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಬಂದ, ಸುತ್ತಿಗೆ ಹಿಡಿದುಕೊಂಡು. ನಾನು ಬಸ್ ಇಳಿದು ಬರುವಷ್ಟರಲ್ಲಿ ಡಿಸ್ಕನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟಿದ್ದ. ಅಕ್ಕ ಅವನ ಕೈ ಹಿಡಿದುಕೊಂಡಿದ್ದಳು.

"ಪೊಲೀಸ್ನೋರೇ ಏನೂ ಇಲ್ಲ ಅಂದ್ರಲ್ಲಣ್ಣ. ಕೇಳಾದ್ರೂ ನೋಡು ಒಂದ್ಸಲ."

"ಇಲ್ಲ ಅಂದ್ರೆ ಊರು ಕೇಳ್ತದಾ? ನಿಂದ್ರಿಂದ ನಾನು ತಲೆ ಎತ್ಕೊಂಡು ಓಡಾಡಂಗಿಲ್ಲ. ಬುಡು ಕೈಯ!"

ಅವಳನ್ನು ಕೊಡವಿ ಡಿಸ್ಕಿಗೆ ಹೊಡೆದ. ಸಿಟ್ಟು ತೀರುವ ತನಕ ಹೊಡೆದ. ಒಳಗಿದ್ದ ಬಿಲ್ಲೆ ಬಗ್ಗಿ ಹೊರಗೆ ಬಂತು, ಬಿಸಿಲಿಗೆ ಹೊಳೆಯಿತು. ನಾನು ಕಿರುಚಿಕೊಂಡು ನುಗ್ಗಿದೆ. ಬೇಕರಿಯವನು ನನ್ನ ರಟ್ಟೆ ಹಿಡಿದು ಎಳೆದ. "ಅವ್ರ ಮನೆ ವಿಷ್ಯ, ನಿಂಗ್ಯಾಕಮ್ಮ?" ಅಷ್ಟು ದಿನ ಬಾಯಿ ಬಿಡದವನಿಗೆ ಆಗ ಮಾತು ಬಂದಿತ್ತು! ಅಕ್ಕ ಅಳಲಿಲ್ಲ. ಶಟರ್ ಎಳೆಯುವ ಅಣ್ಣನನ್ನೇ ನೋಡುತ್ತ ನಿಂತಿದ್ದಳು.

ಅಂಗಡಿ ಮತ್ತೆ ತೆರೆಯಲಿಲ್ಲ. ಕೆಲವೇ ತಿಂಗಳಲ್ಲಿ ಅವಳನ್ನು ಆಂಧ್ರದ ಗಡಿಯಾಚೆ, ಹೆಂಡತಿ ಸತ್ತಿದ್ದ ಒಬ್ಬನಿಗೆ ಕೊಟ್ಟು ಮದುವೆ ಮಾಡಿದರು. ನನಗೆ ಕರೆ ಬರಲಿಲ್ಲ. ಕಂಡಕ್ಟರಿಗೂ ಇಲ್ಲ.

ವರ್ಷಗಳಾದ ಮೇಲೆ, ನನಗೆ ಪಾವಗಡದಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನಾನೇ ಗುರುತು ಹಿಡಿದೆ. ಪಕ್ಕದವಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು, ನನ್ನನ್ನು ಕಂಡವಳೇ "ಅಯ್ಯೋ, ನೀನಾ" ಅಂತ ಕನ್ನಡಕ್ಕೆ ಬಂದಳು. ನನ್ನ ಹಳೆಯ ಕಾರ್ಡಿನಲ್ಲಿ ಅವಳು ತುಂಬಿಕೊಟ್ಟಿದ್ದ ಒಂದೆರಡು ಉಳಿದಿದ್ದವು. ಮಿಕ್ಕದ್ದೆಲ್ಲ ಆ ಮೆಟ್ಟಿಲ ಮೇಲೇ ಹೋಗಿತ್ತು. ಇಯರ್‌ಫೋನ್ ಕೊಟ್ಟೆ. ಅಪ್ಪ ಕುರಿಯ ಮಾತು ಹೇಳಿದ್ದನಲ್ಲ, ಅದೇ. ಅವಳ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅಕ್ಕ ಕಣ್ಣು ಬಿಡಲಿಲ್ಲ. ಮುಗಿದ ಮೇಲೆ ನಾನೇ ಕೇಳಿದೆ, "ಹೆಂಗಿತ್ತಕ್ಕ?"

ಇಯರ್‌ಫೋನನ್ನು ನಿಧಾನವಾಗಿ ಸುತ್ತಿ ನನ್ನ ಕೈಗಿಟ್ಟಳು. "ಕೇಳ್ಬ್ಯಾಡ ಕಣಮ್ಮ. ಹೇಳಕ್ಕೆ ಸುರು ಮಾಡುದ್ರೆ ನಿಲ್ಸಕ್ಕಾಗಲ್ಲ. ಆಮೇಲೆ ಮನೆಗ್ ಹೋಗಾದೆಂಗೆ?"

ನಿನ್ನ ಫೋನಿಗೂ ಹಾಕಿಕೊಡುತ್ತೇನೆ ಅಂದೆ. "ಫೋನು ಅವ್ರ ಹತ್ರ ಇರ್ತದೆ" ಅಂದಳು. ಆಮೇಲೆ ನಮ್ಮಪ್ಪನ ಆರೋಗ್ಯ ವಿಚಾರಿಸಿದಳು. ಮುಂದಿನ ಬಸ್ಸಿಗೆ ಹೋದಳು... ಅದೇ ಕೊನೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಜ್ವರ ಅಂದರು, ಆಸ್ಪತ್ರೆಗೆ ಒಯ್ಯುವುದು ತಡವಾಯಿತು ಅಂದರು. ಅಣ್ಣ ಮಧುಗಿರಿಯಲ್ಲಿ ಶಾಮಿಯಾನ ಹಾಕಿಸಿ ಶ್ರದ್ಧಾಂಜಲಿ ಸಭೆ ಮಾಡಿದ. ಬಾಗಿಲಲ್ಲಿ ಫ್ಲೆಕ್ಸು, ಅಕ್ಕನ ಮುಖಕ್ಕಿಂತ ಅದನ್ನು ಹಾಕಿಸಿದ ಮುಖಂಡರ ಮುಖಗಳು ದೊಡ್ಡದಾಗಿದ್ದವು. ಅವರಲ್ಲಿ ಒಬ್ಬ, ಕೈ ಮುಗಿದು ನಗುತ್ತಿದ್ದವನು, ಅಂದು ಕೌಂಟರಿನ ಮೇಲೆ ಕಾರ್ಡ್ ಇಟ್ಟವನೇ. ಅವನು ಮೈಕ್ ಹಿಡಿದು ಹೆಣ್ಣುಮಕ್ಕಳ ಮಾನದ ಬಗ್ಗೆ ಮಾತಾಡಿದ. ಆಮೇಲೆ ಅಣ್ಣ ಎದ್ದ. ಕಣ್ಣೊರೆಸಿಕೊಂಡು, "ನನ್ ತಂಗಿಗೆ ಸಂಗೀತ ಅಂದ್ರೆ ಪ್ರಾಣ" ಅಂದ.

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಎದ್ದು ನಿಂತೆ.

"ಆ ಪ್ರಾಣಾನ ಸುತ್ತಿಗೇಲಿ ಹೊಡ್ದಿದ್ದು ಯಾರು ಅಂತಾನೂ ಹೇಳಣ್ಣ. ಹೊಡ್ಯೋ ಹಂಗೆ ಮಾಡಿದ್ದು ಯಾರು ಅಂತ ನಿನ್ ಪಕ್ಕದಲ್ಲಿ ಕೂತಿರೋರನ್ನೇ ಕೇಳು."

ಶಾಮಿಯಾನದಡಿ ಗುಜುಗುಜು ಎದ್ದಿತು. ಸಾವಿನ ಮನೆಯಲ್ಲಿ ಇದೆಂಥಾ ಮಾತು, ಕೂರಿಸ್ರಿ ಆಯಮ್ಮನ್ನ, ನೀರು ಕೊಡ್ರಿ. ಹಿಂದಿನ ಸಾಲಿನಿಂದ ಒಬ್ಬರು ಕೋಲು ಊರಿಕೊಂಡು ಎದ್ದರು. ನಿವೃತ್ತರಾಗಿದ್ದ ಕಂಡಕ್ಟರು. "ಆಯಮ್ಮ ಹೇಳ್ತಿರಾದು ನಿಜ. ನಾನೂ ಆ ಅಂಗಡೀಲಿ ನಿಂತು ಕೇಳಿದೋನೇ. ನಾವ್ ಕೇಳಿದ್ದು ಸಂಗೀತ, ಬೇರೇನಲ್ಲ" ಅಂದರು. ಅವರ ದನಿ ಮುಂದಿನ ಸಾಲಿನವರೆಗೂ ಮುಟ್ಟಿತು. ಮೈಕಿನ ಮುಂದೆ ನಿಂತಿದ್ದ ಅಣ್ಣ ತಲೆ ತಗ್ಗಿಸಿದ. ಪಕ್ಕದಲ್ಲಿದ್ದವನು ಫೋನ್ ನೋಡತೊಡಗಿದ. ನಾವಿಬ್ಬರೂ ಊಟ ಮಾಡದೆ ಹೊರಗೆ ಬಂದೆವು.

ಆ ಅಣ್ಣ ಈಗಲೂ ಮಧುಗಿರಿಯಲ್ಲಿ ಎದುರಿಗೆ ಸಿಕ್ಕರೆ ನಮಸ್ಕಾರ ಅನ್ನುತ್ತಾನೆ. ನಾನು ಮುಖ ತಿರುಗಿಸಿ ಹೋಗುತ್ತೇನೆ. ಕೆಲವರು ಬುದ್ಧಿ ಹೇಳಿದ್ದಾರೆ. ಅವನಿಗೂ ವಯಸ್ಸಾಯಿತು, ಅವನೂ ನೊಂದಿದ್ದಾನೆ ಅಂತ. ನೊಂದಿರಲಿ. ಈಗ ನನ್ನ ಫೋನಿನಲ್ಲಿ ಇಡೀ ಪ್ರಪಂಚದ ಸಂಗೀತವಿದೆ, ಕೆಲಸ ಮುಗಿಸಿ ಬಲಸಮುದ್ರದ ಕಡೆ ಹೋಗುವ ಬಸ್ಸಿನಲ್ಲಿ ಕೂತು ವಾರಕ್ಕೊಂದಾದರೂ ಹೊಸ ಆಲ್ಬಮ್ ಕೇಳುತ್ತೇನೆ. ಮುಗಿದ ಕೂಡಲೆ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಲ್ಲುತ್ತದೆ. ಪಕ್ಕದ ಸೀಟಿನವರು ನಿದ್ದೆಯಲ್ಲಿರುತ್ತಾರೆ. ಅದನ್ನು ನುಂಗಿಕೊಂಡು ಇಳಿಯುತ್ತೇನೆ.

ಮೊನ್ನೆ ನನ್ನ ತಂಗಿಯೂ ಕೇಳಿದಳು, "ಎಷ್ಟ್ ದಿನಾಂತ ಇಂಗೇ ಸಿಟ್ಟಾಗಿರ್ತೀಯಕ್ಕ?"

"ಅವಳು ಬರೋಗಂಟ" ಅಂದೆ.

ಅವಳು ಬರುವುದಿಲ್ಲ ಅಂತ ನನಗೂ ಗೊತ್ತು, ಕೇಳಿದವಳಿಗೂ ಗೊತ್ತು.