ನಿಂತಿದ್ದ ಸ್ಕೂಟರು

ರಾಮಯ್ಯನವರ ಸ್ಕೂಟರು ನನಗೆ ಗುದ್ದಲಿಲ್ಲ. ಗುದ್ದಿತು ಎಂದು ನಮ್ಮ ಬೀದಿಯವರೆಲ್ಲ ನಾಲ್ಕು ವರ್ಷ ನಂಬಿದರು. ಅವರ ಮಗ ನಂಬಿದ, ಸ್ವತಃ ರಾಮಯ್ಯನವರೂ ನಂಬಿದರು. ನಂಬದೆ ಇದ್ದವನು ನಾನೊಬ್ಬನೇ — ಯಾಕೆಂದರೆ ಬಿದ್ದವನು ನಾನು. ಸ್ಕೂಟರು ನಿಂತಿತ್ತು. ನನ್ನ ಸೈಕಲ್ಲೂ ನಿಂತಿತ್ತು. ನಿಂತ ಸೈಕಲ್ಲಿನ ಮೇಲಿಂದ ನಾನಾಗಿಯೇ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆಮೇಲೆ ಆ ಮುದುಕರನ್ನು, ಅವರು ಮಾಡದ ತಪ್ಪಿಗೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಇದನ್ನು ಬರೆಯುವಾಗ ಅಳು ಬರಬೇಕಿತ್ತೇನೋ. ಬರುತ್ತಿಲ್ಲ. ನಾಲ್ಕು ವರ್ಷ ಒಂದು ಮಾತನ್ನು ನುಂಗಿಕೊಂಡೇ ಇದ್ದರೆ ಅದರ ಸುತ್ತ ಎಲ್ಲವೂ ಜೋಮು ಹಿಡಿಯುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ರಾಮಯ್ಯನವರು ನಮ್ಮ ಮನೆಯ ಮಾಲೀಕರು. ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದಾಗ, ಈಗ ನಾವಿರುವ ಮೂರಂತಸ್ತಿನ ಕಟ್ಟಡದ ಜಾಗದಲ್ಲಿ ರಾಗಿ ಬೆಳೆದವರು. ಹೊಲ ಹೋಗಿ ಮನೆಗಳೆದ್ದರೂ ಒಂದು ಹಸುವನ್ನು ಮಾತ್ರ ಬಿಟ್ಟಿರಲಿಲ್ಲ. ಹಿತ್ತಲಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಕೆಂಪಿ. ದಿನಾ ಬೆಳಿಗ್ಗೆ ಉತ್ತರಹಳ್ಳಿ ಕಡೆಯ ಖಾಲಿ ಸೈಟುಗಳಿಗೆ ಹೋಗಿ ಹುಲ್ಲು ಕೊಯ್ದು, ಹೊರೆಯನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಒತ್ತಿ ತುಂಬಿ, ಕಾಲನ್ನು ಎರಡೂ ಪಕ್ಕಕ್ಕೆ ಚಾಚಿಕೊಂಡು ಬರುತ್ತಿದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು. ಅವರಷ್ಟು ನಿಧಾನಕ್ಕೆ ಗಾಡಿ ಓಡಿಸುವವರನ್ನು ನಾನು ಈ ಊರಿನಲ್ಲಿ ನೋಡಿಲ್ಲ. ನಾನು ಗದಗದ ಕಡೆಯಿಂದ ಬಂದವನು, ಜಯನಗರದ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ಕೆಲಸ. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ನನ್ನನ್ನು ಕರೆಯುತ್ತಿದ್ದದ್ದು ಡಾಕ್ಟ್ರೇ ಎಂದೇ.

ಸೈಕಲ್ಲಿನ ಹುಚ್ಚು ಹಿಡಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಷುಗರ್ ಗಡಿಯಲ್ಲಿದೆ ಎಂದು ರಿಪೋರ್ಟು ಬಂದ ಮೇಲೆ. ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದನ್ನು ಕೊಂಡು ಬನಶಂಕರಿಯ ಒಂದು ಭಾನುವಾರದ ಗುಂಪು ಸೇರಿಕೊಂಡೆ. ಅಲ್ಲಿ ಎಲ್ಲರೂ ಒಂದು ಬಗೆಯ ಶೂ ಹಾಕುತ್ತಿದ್ದರು. ಅಡಿಯಲ್ಲಿ ಚಿಕ್ಕದೊಂದು ಲೋಹದ ತುಂಡು. ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಲೂ ಸೈಕಲ್ಲೂ ಒಂದೇ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಇಷ್ಟೇ. ಆದರೆ ಹುಟ್ಟಿದಾಗಿನಿಂದ ಕಾಲನ್ನು ಎತ್ತಿ ನೆಲಕ್ಕಿಟ್ಟು ರೂಢಿಯಾದವನು ಗಾಬರಿಯಲ್ಲಿ ಎತ್ತಲು ಹೋಗುತ್ತಾನೆಯೇ ಹೊರತು ತಿರುಗಿಸುವುದಿಲ್ಲ. ಕಾಲು ಬರುವುದಿಲ್ಲ. ಸೈಕಲ್ ನಿಂತಿರುತ್ತದೆ. ಒಂದು ಕ್ಷಣ ಎಲ್ಲವೂ ಸರಿಯಾಗಿರುತ್ತದೆ — ಆಮೇಲೆ ನಿಧಾನಕ್ಕೆ, ಕಡಿದ ಬಾಳೆಗಿಡದ ಹಾಗೆ, ಪಕ್ಕಕ್ಕೆ ಒರಗುತ್ತೀರಿ. ಬೀಳುತ್ತಿದ್ದೇನೆ ಎಂದು ಪೂರ್ತಿ ಗೊತ್ತಿದ್ದೂ ಬೀಳುತ್ತೀರಿ.

ಮೊದಲ ಸಲ ಬಿದ್ದದ್ದು ಜಯನಗರದ ಸಿಗ್ನಲ್ಲಿನಲ್ಲಿ. ಪಕ್ಕದಲ್ಲಿ ತುಂಬಿದ ಬಸ್ಸು, ಕಿಟಕಿಗೊಂದು ಮುಖ. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಎದ್ದು ಬಂದು ನನ್ನ ಮೇಲಿಂದ ಸೈಕಲ್ಲು ಎತ್ತುತ್ತಾ, “ನಿಂತ್ಕೊಂಡೇ ಬಿದ್ರಲ್ಲ ಸಾರ್! ಯಾರೂ ಗುದ್ದೂ ಇಲ್ಲ, ಏನಿಲ್ಲ. ಬೆಳಿಗ್ಗೆ ತಿಂಡಿ ತಿಂದಿರಲಿಲ್ವಾ?” ಎಂದು ಕೇಳಿದಳು. ಬಸ್ಸಿನವರು ನಕ್ಕರು. ನಾನೂ ನಕ್ಕೆ.

ಎರಡನೆಯದು ಯಡಿಯೂರು ಕೆರೆಯ ಹತ್ತಿರ, ಗುಂಪಿನವರೆಲ್ಲ ಕಾಫಿ ಕುಡಿಯುತ್ತಾ ನಿಂತಿದ್ದಾಗ. ಸ್ಟೈಲಾಗಿ ಬಂದು ನಿಲ್ಲಿಸಿದೆ, ಹಾಗೆಯೇ ಒರಗಿದೆ. ಯಾರೋ ವಿಡಿಯೋ ಮಾಡಿದ್ದರು. ಅದು ಗುಂಪಿನಿಂದ ಹೇಗೋ ನಮ್ಮ ಲ್ಯಾಬಿಗೂ ಬಂತು. ಒಂದು ವಾರ ಊಟದ ಹೊತ್ತಿನಲ್ಲಿ ಅದನ್ನು ನಿಧಾನ ಮಾಡಿ, ಹಿಂದುಮುಂದು ಮಾಡಿ ಹಾಕಿ ನೋಡಿದರು. ಹಿಂದಕ್ಕೆ ಓಡಿಸಿದಾಗ ನಾನು ನೆಲದಿಂದ ತಾನಾಗಿಯೇ ಎದ್ದು ನಿಲ್ಲುತ್ತಿದ್ದೆ. ಮನೆಯಲ್ಲಿ ಹೆಂಡತಿ ಸರೋಜ, “ಇನ್ನೊಮ್ಮೆ ಬಿದ್ದ ಬಂದ್ರ ಆ ಬೂಟ್ ತಗೊಂಡ ಕಸದ ಗಾಡಿಗೆ ಹಾಕ್ತೀನಿ ನೋಡ್ರಿ” ಎಂದಳು. ಇನ್ನು ಬೀಳುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇದನ್ನೆಲ್ಲ ಹೇಳುತ್ತಿರುವುದು ನೆಪಕ್ಕಲ್ಲ. ನನ್ನ ಸುಳ್ಳಿನ ಹಿಂದೆ ಇದ್ದದ್ದು ಇಷ್ಟೇ ಎಂದು ತಿಳಿಯಲಿ ಎಂದು. ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಮೂರನೆಯ ಸಲ, ಭಾನುವಾರ ಬೆಳಿಗ್ಗೆ, ನಮ್ಮ ಬೀದಿಯ ತಿರುವು. ನಾನು ಮನೆಗೆ ಬರುತ್ತಿದ್ದೆ. ಅಡ್ಡರಸ್ತೆಯಿಂದ ರಾಮಯ್ಯನವರು ಹುಲ್ಲಿನ ಹೊರೆಯ ಸಮೇತ ಬಂದರು. ನನ್ನನ್ನು ನೋಡಿ, ನೀವು ಹೋಗಿ ಎನ್ನುವಂತೆ ನಿಲ್ಲಿಸಿದರು. ಅವರು ಹೋಗಲಿ ಎಂದು ನಾನೂ ನಿಲ್ಲಿಸಿದೆ. ಇಬ್ಬರೂ ನಿಂತೆವು. ಅವರು ನಕ್ಕದ್ದು ಕಂಡಿತು. ನನ್ನ ಕಾಲು ಬರಲಿಲ್ಲ. ಒರಗುತ್ತಾ ಹೋದೆ — ಅವರ ಕಡೆಗೇ. ನನ್ನ ಹ್ಯಾಂಡಲ್ಲು ಅವರ ಸ್ಕೂಟರಿನ ಮಡ್‌ಗಾರ್ಡಿಗೆ ಠಣ್ ಎಂದು ತಗುಲಿತು. ಕೈ ಕೆಳಗೂರಿದೆ. ಒಳಗೆ ಏನೋ ಲಟಕ್ಕೆಂದಿತು.

ಬೇಕರಿಯ ಮುಂದಿದ್ದವರು, ಹಾಲಿನ ಬೂತಿನವರು ಎಲ್ಲ ಓಡಿ ಬಂದರು. ಈ ಊರಿನ ಬೀದಿಗಳಲ್ಲಿ ಬಿದ್ದವನನ್ನು ಯಾರೂ ಹೇಗೆ ಬಿದ್ದೆ ಎಂದು ಕೇಳುವುದಿಲ್ಲ. ಯಾರು ಗುದ್ದಿದ್ದು ಎಂದು ಕೇಳುತ್ತಾರೆ. ಸುತ್ತ ನೋಡಿ ಬಿದ್ದವನದಕ್ಕಿಂತ ದೊಡ್ಡ ಗಾಡಿ ಯಾರದ್ದೋ ಅವರ ಕಡೆ ತಿರುಗುತ್ತಾರೆ. ನನ್ನದು ಸೈಕಲ್ಲು, ಅವರದು ಸ್ಕೂಟರು. ವಿಚಾರಣೆ ಅಷ್ಟರಲ್ಲೇ ಮುಗಿದಿತ್ತು. “ಈ ವಯಸ್ಸಲ್ಲಿ ಗಾಡಿ ಯಾಕೆ ತಾತ ನಿಂಗೆ?” ಎಂದು ಯಾರೋ ರೇಗಿದರು.

ರಾಮಯ್ಯನವರು ಗಾಡಿ ಸ್ಟ್ಯಾಂಡ್ ಹಾಕಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. “ಬ್ರೇಕ್ ಹಿಡ್ದಿದ್ದೆ ಅನ್ಕೊಂಡೆ ಡಾಕ್ಟ್ರೇ. ನಿಂತಿದ್ದೆ ಅಂತಲೇ ಅನ್ಕೊಂಡೆ... ತಗಲಿಬಿಡ್ತಾ?”

ಅವರು ನನ್ನನ್ನೇ ಕೇಳಿದರು. ಆ ಗುಂಪಿನಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ. ನನ್ನ ಎಡಗಾಲು ಇನ್ನೂ ಪೆಡಲಿಗೇ ಕಚ್ಚಿಕೊಂಡಿತ್ತು. ಅದನ್ನು ತೋರಿಸಿದ್ದರೆ ಸಾಕಿತ್ತು. ಜನ ನಗುತ್ತಿದ್ದರು, ಅಷ್ಟೇ —

“ಇರಲಿ ಬಿಡಿ ಯಜಮಾನ್ರೇ,” ಎಂದೆ. “ನೀವೇನು ಬೇಕೂಂತ ಮಾಡಿದ್ರಾ.”

ಎಷ್ಟು ಒಳ್ಳೆಯವರು ಎಂದು ನೆರೆದವರೆಲ್ಲ ನನ್ನನ್ನು ಮೆಚ್ಚಿಕೊಂಡರು. ನೋವಿನಲ್ಲೂ ನನಗೆ ಒಳಗೊಳಗೇ ಹಾಯೆನಿಸಿತು. ಅದನ್ನೂ ಹೇಳಲೇಬೇಕು.

ಆಟೋ ಕರೆದು ಅವರೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ, ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿದರೆ ಬೇಗ ಕೂಡಿಕೊಳ್ಳುತ್ತದೆ, ತಮ್ಮ ಮೊಣಕೈಗೂ ಅದನ್ನೇ ಹಾಕಿಸಿದ್ದು ಎನ್ನುತ್ತಿದ್ದರು. ನಾನು ಪ್ಲಾಸ್ಟರ್ ಹಾಕಿಸಿಕೊಂಡೆ. ಆರು ವಾರ ಕೆಲಸಕ್ಕೆ ಹೋಗಲಿಲ್ಲ. ಈ ಸಲ ಲ್ಯಾಬಿನಲ್ಲಿ ಯಾರೂ ನಗಲಿಲ್ಲ. ಸರೋಜಳೂ ಬೂಟನ್ನು ಎಸೆಯಲಿಲ್ಲ. ಸ್ಕೂಟರು ಗುದ್ದಿದ್ದಕ್ಕೆ ಪಾಪ ಬೂಟೇನು ಮಾಡೀತು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ರಾಮಯ್ಯನವರು ಎರಡು ಮಹಡಿ ಹತ್ತಿ ಬಂದು ನಿಂತಿದ್ದರು, ಕೈಯಲ್ಲಿ ಒಂದು ತಂಬಿಗೆ ಕೆಂಪಿಯ ಹಾಲು. ಮೂಳೆಗೆ ಒಳ್ಳೆಯದು ಎಂದರು. ಅದರ ಮರುದಿನವೂ ಬಂದರು. ಆಮೇಲೆ ದಿನಾ.

ಅದೇ ವಾರ ಅವರ ಮಗ ಮಂಜುನಾಥ ಬಂದ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ. “ಸಾರ್, ನಿಜ ಹೇಳಿ. ಅಪ್ಪಂಗೆ ಕಂಟ್ರೋಲ್ ಹೋಗಿದ್ಯಾ? ಇವತ್ತು ನೀವಾದ್ರಿ, ನಾಳೆ ಯಾವ್ದಾದ್ರೂ ಸ್ಕೂಲ್ ಮಗು ಆದ್ರೆ?”

ಬೀದಿಯಲ್ಲಿ ಆಡಿದ ಮಾತು ಗಾಬರಿಯಲ್ಲಿ ಬಂದದ್ದು ಎಂದು ನೀವು ಬಿಟ್ಟರೂ ಬಿಡಬಹುದು. ಇಲ್ಲಿ ಗಾಬರಿ ಇರಲಿಲ್ಲ. ನಾನು ಕುರ್ಚಿಯಲ್ಲಿ ಕೂತಿದ್ದೆ, ಎದುರಿಗೆ ಕಾಫಿ ಇತ್ತು. ಅವನು ನಿಜ ಹೇಳಿ ಎಂದೇ ಕೇಳಿದ್ದ. ನಾನು ಸ್ವಲ್ಪ ಹೊತ್ತು ಯೋಚಿಸಿದವನಂತೆ ಮಾಡಿ, “ವಯಸ್ಸಾಯ್ತಲ್ಲ ಮಂಜು” ಎಂದೆ.

ಅವತ್ತು ಸಂಜೆಯೇ ಅವನು ಸ್ಕೂಟರಿನ ಕೀ ಎತ್ತಿಟ್ಟ. ಸ್ಕೂಟರು ಮೆಟ್ಟಿಲ ಕೆಳಗೆ ನೀಲಿ ಟಾರ್ಪಾಲಿನೊಳಗೆ ಸೇರಿತು. ಗಾಡಿ ಇಲ್ಲದೆ ಹುಲ್ಲಿಲ್ಲ. ಕೆಲವು ದಿನ ತಲೆಯ ಮೇಲೆ ಹೊತ್ತು ತಂದರು. ಆಗಲಿಲ್ಲ. ಮೂರು ತಿಂಗಳಲ್ಲಿ ಕೆಂಪಿಯನ್ನು ಕನಕಪುರದ ಕಡೆಯವರು ಬಂದು ಕೊಂಡುಕೊಂಡು ಹೋದರು. ಅವತ್ತು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಟೆಂಪೋ ಹತ್ತಲು ಕೆಂಪಿ ಒಪ್ಪಲಿಲ್ಲ. ರಾಮಯ್ಯನವರೇ ಮೈ ಸವರಿ ಹತ್ತಿಸಿದರು. ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬಾರದು ಎಂದು ಒಳಗೆ ಎಲ್ಲೋ ನಿರ್ಧಾರವಾಗಿಬಿಟ್ಟಿತ್ತು ಎಂದು ಈಗ ತಿಳಿಯುತ್ತದೆ.

ಮರುದಿನವೂ ತಂಬಿಗೆ ಬಂತು. ಸರೋಜ ಕಾಫಿ ಮಾಡಿ ಒಂದು ಗುಟುಕು ಕುಡಿದು, “ಇದು ಪ್ಯಾಕೆಟ್ ಹಾಲ್ರಿ” ಎಂದಳು. ಬೂತಿನಿಂದ ಕೊಂಡು, ಅದೇ ತಂಬಿಗೆಗೆ ಸುರಿದು, ಎರಡು ಮಹಡಿ ಹತ್ತಿ ತಂದುಕೊಟ್ಟಿದ್ದರು. ನನ್ನ ಕೈ ಕೂಡಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಬೇಡ ಎಂದರೆ, “ನನ್ನ ಸಮಾಧಾನಕ್ಕೆ ಇರಲಿ ಡಾಕ್ಟ್ರೇ” ಎನ್ನುತ್ತಿದ್ದರು. ನಾಲ್ಕು ವರ್ಷ ನಾನು ಆ ಹಾಲಿನ ಕಾಫಿ ಕುಡಿದೆ.

ಹಸು ಹೋದದ್ದಕ್ಕಿಂತ ದೊಡ್ಡದು ಇನ್ನೊಂದು ಹೋಗಿತ್ತು. ಅದು ನನಗೆ ಕಂಡದ್ದು ಹೋದ ವಾರ. ಬೇಕರಿಯ ಎದುರು ಅವರು ರಸ್ತೆಯಂಚಿನಲ್ಲಿ ನಿಂತಿದ್ದರು. ರಸ್ತೆ ಖಾಲಿ ಇತ್ತು. ಒಂದು ಹೆಜ್ಜೆ ಇಡುವುದು, ಹಿಂದಕ್ಕೆ ತೆಗೆಯುವುದು. ನನ್ನನ್ನು ಕಂಡು ತೋಳು ಹಿಡಿದುಕೊಂಡರು. “ದಾಟಿಸಿಬಿಡಿ. ಕಣ್ಣಿಗೆ ಖಾಲಿ ಅನ್ಸುತ್ತೆ. ಆದ್ರೆ ನನ್ ಕಣ್ಣು, ನನ್ ಕೈಯಿ, ಒಂದೂ ನಂಬಂಗಿಲ್ಲ. ನಿಮ್ಗೆ ಗೊತ್ತಲ್ಲ.”

ಅವರನ್ನು ದಾಟಿಸಿದೆ. ದಿನಾ ಹಾಲಿಗೆ ಹೋಗುವಾಗಲೂ ಹೀಗೆಯೇ ಯಾರದಾದರೂ ತೋಳು ಹಿಡಿದು ದಾಟುತ್ತಿದ್ದರಂತೆ. ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳು, “ನನಗ್ಯಾಕ ಹೇಳಾಕತ್ತೀರಿ? ಕೆಳಗ ಹೋಗಿ ಅವರಿಗೆ ಹೇಳ್ರಿ” ಎಂದಳು.

ಹೋದೆ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹೇಳಿದೆ — ಶೂ, ಪೆಡಲು, ನಿಂತಿದ್ದದ್ದು, ಒರಗಿದ್ದು, ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಮುರಿದಿದ್ದ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ತಟ್ಟಿದರು. “ಬಿಡಿ ಡಾಕ್ಟ್ರೇ. ಮುದುಕನ ಮನಸ್ಸು ನೋಯ್ಬಾರ್ದು ಅಂತ ಇಷ್ಟೆಲ್ಲ ಕಥೆ ಕಟ್ತೀರಿ. ನಿಂತಿರೋ ಸೈಕಲ್ಲಿಂದ ಯಾರಾದ್ರೂ ಬೀಳ್ತಾರಾ?”

ನಿಜ ಹೇಳಿದ್ದಕ್ಕೂ ನನಗೆ ಒಳ್ಳೆಯವನೆಂಬ ಹೆಸರೇ ಸಿಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯಬಹುದಿತ್ತು. ಬಂತು. ಎದ್ದಾಗ ಮಾತ್ರ ಏನು ಮಾಡಬೇಕೆಂದು ಗೊತ್ತಿತ್ತು.

ಮೊನ್ನೆ ಭಾನುವಾರ ಅಟ್ಟದಿಂದ ಬೂಟು ಇಳಿಸಿದೆ. ಬೇಕರಿಯ ಮುಂದೆ ಜನ ಸೇರುವ ಹೊತ್ತಿಗೆ ಮಂಜುನಾಥನನ್ನೂ ಕರೆದು, ಅಲ್ಲಿಗೆ ಕಾಣುವ ನಮ್ಮ ಕಲ್ಲುಬೆಂಚಿನ ಮೇಲೆ ಅವರಪ್ಪನ ಪಕ್ಕ ಕೂರಿಸಿದೆ. ಸೈಕಲ್ ಹತ್ತಿ ತಿರುವಿನವರೆಗೆ ಹೋಗಿ ಬಂದೆ. ಎರಡೂ ಕಾಲು ಟಕ್ ಟಕ್ ಎಂದು ಕಚ್ಚಿಕೊಂಡಿದ್ದವು. ಕಲ್ಲುಬೆಂಚಿನ ಮುಂದೆ, ಹತ್ತಿರದಲ್ಲಿ ಯಾವ ಗಾಡಿಯೂ ಇಲ್ಲದ ಕಡೆ, ಬ್ರೇಕ್ ಹಿಡಿದು ನಿಂತೆ. ಹಿಮ್ಮಡಿ ತಿರುಗಿಸಬೇಕೆಂದು ಈ ಸಲ ಚೆನ್ನಾಗಿ ನೆನಪಿತ್ತು. ತಿರುಗಿಸಲಿಲ್ಲ. ಒರಗಿದೆ.

ಬೇಕರಿಯವರು ನಕ್ಕರು. “ನಿಂತ್ಕೊಂಡೇ ಬಿದ್ರು ಗುರು!” ಎಂದು ಯಾರೋ ಕೂಗಿದರು. ಮೊಣಕೈ ತರಚಿ ಉರಿಯುತ್ತಿತ್ತು. ಏಳದೆ ಹಾಗೆಯೇ ಬಿದ್ದುಕೊಂಡು, ಪೆಡಲಿಗೆ ಅಂಟಿದ್ದ ಕಾಲನ್ನು ರಾಮಯ್ಯನವರಿಗೆ ತೋರಿಸಿದೆ.

ಅವರೂ ಮೊದಲು ನಕ್ಕರು. ಆಮೇಲೆ ನಗು ನಿಂತಿತು. “ಅವತ್ತೂ ಹಿಂಗೇನಾ?”

“ಹೌದು.”

“ನಾನು ಬ್ರೇಕ್ ಹಿಡ್ದಿದ್ದೆ?”

“ಹಿಡಿದಿದ್ರಿ ಯಜಮಾನ್ರೇ.”

ತಮ್ಮ ಎರಡೂ ಅಂಗೈ ಮಗುಚಿ ನೋಡಿಕೊಂಡರು. “ಹಂಗಾದ್ರೆ ನಾನು ನಿಂತಿದ್ದೆ” ಎಂದರು, ನನಗಲ್ಲ. ಎದ್ದು ಹೋಗಿ ಮೆಟ್ಟಿಲ ಕೆಳಗಿನ ಟಾರ್ಪಾಲು ಸರಿಸಿ, ದೂಳು ಹಿಡಿದ ಸ್ಕೂಟರಿನ ಬ್ರೇಕನ್ನು ಒಮ್ಮೆ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಮಂಜುನಾಥ ನನ್ನ ಕಡೆ ನೋಡಲಿಲ್ಲ. ಅವರಿಬ್ಬರೂ ಒಳಗೆ ಹೋದರು. ನನ್ನ ಸೈಕಲ್ಲನ್ನು ನಾನೇ ಎತ್ತಿಕೊಂಡೆ.

ಮನೆ ಖಾಲಿ ಮಾಡಿ ಎಂದರೆ ಮಾಡುತ್ತೇವೆ. ಇನ್ನೂ ಏನೂ ಹೇಳಿ ಕಳಿಸಿಲ್ಲ. ಇವತ್ತು ಬೆಳಿಗ್ಗೆ ಕಿಟಕಿಯಿಂದ ನೋಡಿದೆ — ಅವರು ಒಬ್ಬರೇ ರಸ್ತೆ ದಾಟಿ ಬೂತಿಗೆ ಹೋಗಿ, ತಮ್ಮ ಮನೆಗೆ ಒಂದು ಪ್ಯಾಕೆಟ್ ಹಾಲು ತೆಗೆದುಕೊಂಡು, ಒಬ್ಬರೇ ದಾಟಿ ಬಂದರು. ನಮ್ಮ ಬಾಗಿಲಿಗೆ ತಂಬಿಗೆ ಬರಲಿಲ್ಲ. ಬರಲೂ ಬಾರದು.